ಅಣ್ಣನ ಬಿಲ್ಲೆ

“ಎದ್ದು ಹೋಗು ಅಮರಿ. ಬಸರಿ ಹೆಂಗಸು ನೀನು, ಅವನ ತಾಟು ಮುಟ್ಟಬ್ಯಾಡ.” ಕರಿಯವ್ವ ಸೊಸೆಯ ಕೈಯಿಂದ ಗಂಜಿಯ ತಾಟು ಕಿತ್ತುಕೊಂಡಳು.

ಗೋಡೆಗೆ ಒರಗಿದ್ದ ಕಿರಿಯ ಮಗ ಅಯ್ಯಪ್ಪ ಬಾಯಿಗೆ ಟವೆಲ್ ಒತ್ತಿಕೊಂಡ. ಮತ್ತೆ ರಕ್ತ... ಆರು ತಿಂಗಳ ಹಿಂದೆ ಅಣ್ಣ ತಮ್ಮ ಇಬ್ಬರೂ ಅಳವಂಡಿಯಿಂದ ಹೋಗಿದ್ದರು, ದೂರದ ಸಮುದ್ರದಂಡೆಯಲ್ಲಿ ಸ್ಫೋಟವಾಗಿ ಸೀಳಿಬಿದ್ದಿದ್ದ ಅಣುಸ್ಥಾವರದ ಒಳಗೆ ಕಸ ತೆಗೆಯಲು. ಸೀಟಿ ಊದಿದರೆ ಒಳಗೆ ಓಡಬೇಕು, ಮೂರು ನಿಮಿಷ ಸಲಿಕೆ ಹಾಕಬೇಕು, ಇನ್ನೊಂದು ಸೀಟಿಗೆ ಹೊರಗೆ. ಎದೆಗೆ ಒಂದು ಬಿಲ್ಲೆ. ಮೈಗೆ ಎಷ್ಟು ವಿಷ ಹತ್ತಿತೆಂದು ಅದು ಹೇಳುತ್ತದೆ. ಬಿಲ್ಲೆ ತುಂಬಿದವನಿಗೆ ಚಿಕಿತ್ಸೆಯ ಕಾರ್ಡು ಕೊಟ್ಟು ಊರಿಗೆ ಕಳಿಸುತ್ತಾರೆ. ತುಂಬದವನಿಗೆ ರಜೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಮನುಷ್ಯನ ಮುಖ ಯಾರು ನೋಡುತ್ತಾರೆ ಅಲ್ಲಿ? ಬಿಲ್ಲೆ ನೋಡುತ್ತಾರೆ, ಹಲ್ಕಾ ಮಂದಿ!

ಅಣ್ಣ ವಿರುಪಾಕ್ಷಿಯ ಬಿಲ್ಲೆ ತುಂಬಿತ್ತು. ಹೆಂಡತಿ ಅಮರಮ್ಮನ ಕುಬಸಕ್ಕೆ, ಬಸರಿಯ ಸೀಮಂತಕ್ಕೆ, ಸರಿಯಾಗಿ ಬಂದಿಳಿದಿದ್ದ, ಗಟ್ಟಿಮುಟ್ಟಾಗಿ. ಎರಡು ದಿನದ ಮೇಲೆ ಬಂದ ಅಯ್ಯಪ್ಪನ ತಲೆಯಲ್ಲಿ ಕೂದಲಿರಲಿಲ್ಲ. ಅವನ ಬಿಲ್ಲೆ ಖಾಲಿ. ನಾಟಕ ಮಾಡುತ್ತಾನೆಂದು ಹೊರಗೆ ಹಾಕಿದ್ದರು.

“ಇಷ್ಟು ರಕ್ತ ಕಾರೋನ ಬಿಲ್ಲಿ ಖಾಲಿ ಹೆಂಗ ಇರ್ತೈತ್ರಿ?” ಅಮರಮ್ಮ ಗಂಡನನ್ನೇ ನೋಡಿ ಕೇಳಿದಳು.

ಮುಂಜಾನೆಯಿಂದ ಅಂಗಳಕ್ಕೂ ಬಾಗಿಲಿಗೂ ತಿರುಗುತ್ತಿದ್ದ ವಿರುಪಾಕ್ಷಿ ನಿಂತ. “ನನ್ನ ಬಿಲ್ಲಿ ಅವ ಕಟ್ಕೊಂಡಿದ್ದ. ಕುಬಸಕ್ಕ ರಜಾ ಕೇಳಿದ್ರ ಮೇಸ್ತ್ರಿ ಕೊಡಲಿಲ್ಲ. ‘ನಿನ್ನ ಬಿಲ್ಲಿ ಲಗೂನ ತುಂಬಸ್ತೀನಿ, ಅತ್ತಿಗಿ ಮುಂದ ನೀ ಇರಬೇಕು’ ಅಂದ. ನನ್ನ ಪಾಳಿಗೂ ಅವನೇ ಓಡ್ದ... ಅವನ ಬಿಲ್ಲಿ ಹೊರಗ ಮೊಳಿಗೆ ತೂಗ್ತಿತ್ತು. ನಾನೂ ಹೊರಗ ಕುಂತಿದ್ದೆ.”

ಕರಿಯವ್ವ ಸೊಸೆಯ ಕಡೆ ತಿರುಗಿದಳು. “ನಿನ್ನ ಉಡಿ ತುಂಬಾಕ ನನ್ನ ಕೂಸಿನ ಮೈ ಸುಟ್ಟೈತಿ ನೋಡು.”

ಅಮರಮ್ಮ ಗಂಡನಿಗೆ ಹೇಳಿದಳು, “ಮೇಸ್ತ್ರಿಗೆ ಖರೇ ಹೇಳ್ರಿ.”

“ಹೇಳೀನಿ. ಇನ್ನೊಮ್ಮೆ ಬಾಯಿ ತೆಗದ್ರ ನಿನ್ನ ಕಾರ್ಡೂ ಹೋಗ್ತೈತಿ ಅಂದ.”

ಅವಳು ಗೋಡೆಯ ಗೂಡಿನಿಂದ ಗಂಡನ ಕಾರ್ಡು ತೆಗೆದಳು. “ಹಂಗಾದ್ರ ನಿಮ್ಮ ಹೆಸರಿನ ಮ್ಯಾಲ ಇವನ್ನ ದವಾಖಾನಿಗೆ ಸೇರಸೋಣು.”

“ಹುಚ್ಚೀ, ಇವಗೇನರ ಆತಂದ್ರ ಕಾಗದದಾಗ ನಿನ್ನ ಗಂಡ ಸತ್ತಂಗ. ಹುಟ್ಟೋ ಕೂಸಿಗೆ ಅಪ್ಪ ಇಲ್ಲ...” ಕರಿಯವ್ವ ಕಾರ್ಡಿಗೆ ಕೈ ಅಡ್ಡ ಇಟ್ಟಳು.

“ಬ್ಯಾಡ ಅತ್ತಿಗಿ,” ಅಯ್ಯಪ್ಪ ಕಷ್ಟಪಟ್ಟು ನಕ್ಕ. “ಅಣ್ಣಗ ಮೀಸಿ ಐತಿ, ನನಗ ಹುಬ್ಬೂ ಇಲ್ಲ. ಸಿಕ್ಕಿ ಬೀಳ್ತೀವಿ.”

“ಕಾರ್ಡಿಗೇನು ಮೀಸಿ ಐತೇನು? ಸುಮ್ಮನ ಏಳೋ.”

ಅಮರಮ್ಮ ಅವನ ಒಂದು ರಟ್ಟೆಗೆ ಕೈ ಕೊಟ್ಟಳು. ಕರಿಯವ್ವ ಮಗನ ಇನ್ನೊಂದು ರಟ್ಟೆ ಹಿಡಿದು ಎಬ್ಬಿಸಿದಳು.

ಕೊಪ್ಪಳದ ಆಸ್ಪತ್ರೆಯ ಕಿಟಕಿಯಲ್ಲಿ ಗುಮಾಸ್ತ ತಲೆ ಎತ್ತದೆ ಕೇಳಿದ. “ರೋಗಿ ಹೆಸರು?”

“ವಿರುಪಾಕ್ಷಿ.”

“ನೀವೇನಾಗಬೇಕು?”

“ಹೆಂಡತಿ.” ಅಮರಮ್ಮ ಅವನು ತೋರಿಸಿದಲ್ಲಿ ಸಹಿ ಹಾಕಿದಳು. ತಳ್ಳುಗಾಡಿಯ ಮೇಲಿದ್ದ ಅಯ್ಯಪ್ಪ ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

ಗುಮಾಸ್ತ ಅವಳ ಹಿಂದೆ ಗಂಟು ಹಿಡಿದು ನಿಂತವನನ್ನು ಈಗ ನೋಡಿದ. “ನೀ ಯಾರಪಾ?”

“ತಮ್ಮ ರೀ.”

“ಹೆಸರು?”

ವಿರುಪಾಕ್ಷಿ ಗಂಟನ್ನು ಎದೆಗೆ ಒತ್ತಿಕೊಂಡ.

“ಅಯ್ಯಪ್ಪ.”