‘ಬೇಡದ್ದು’ ಎಂಬ ಫೋಲ್ಡರ್

“ಇದು ಕೂಳೂರಿನ ಆಕಾಶ ಅಲ್ಲ. ನಿಜ ಹೇಳಿ, ಎಲ್ಲಿಂದ ಎತ್ತಿದ್ದು?”

ಮಂಗಳೂರು ಹಂಪನಕಟ್ಟೆಯ ಫೋಟೋ ಸ್ಟುಡಿಯೋದಲ್ಲಿ ಪ್ರಿಂಟಿಗೆ ಬಂದ ಗಿರಾಕಿಯನ್ನು ವಿನಿತಾ ಮೊದಲ ದಿನವೇ ಹೀಗೆ ಕೇಳಿಬಿಟ್ಟಿದ್ದಳು. ಮುಂದೊಂದು ದಿನ ಇವನಿಗಾಗಿ ಕಾಯುತ್ತೀ ಎಂದು ಯಾರಾದರೂ ಹೇಳಿದ್ದರೆ ಅವರನ್ನೂ ನಂಬುತ್ತಿರಲಿಲ್ಲ. ನಂಬುವುದು ಅವಳಿಗೆ ಸುಲಭದ ಕೆಲಸವಲ್ಲ.

ಫೋಟೋದಲ್ಲಿದ್ದದ್ದು ಓರಿಯನ್ ನೀಹಾರಿಕೆ, ನಕ್ಷತ್ರಗಳು ಹುಟ್ಟುವ ಗುಲಾಬಿ ಮೋಡ. ಅವಳೂ ಅದನ್ನು ತೆಗೆದವಳೇ. ಅದಕ್ಕಾಗಿ ಚಾರ್ಮಾಡಿ ಘಾಟಿಯ ಬುಡಕ್ಕೆ, ಒಂದು ದೀಪವೂ ಇಲ್ಲದ ಕತ್ತಲಿಗೆ ಹೋಗಿದ್ದಳು. ಹೆದ್ದಾರಿಯ ದೀಪಗಳಿಗೆ ಆಕಾಶವೇ ಕಿತ್ತಳೆಯಾಗುವ ಕೂಳೂರಿನಲ್ಲಿ ಇದು ಹೇಗೆ ಸಾಧ್ಯ?

ಆ ಗಿರಾಕಿ, ಕ್ಯಾಲ್ವಿನ್, ಸಿಟ್ಟಾಗಲಿಲ್ಲ. ಹನ್ನೊಂದು ರಾತ್ರಿ ತಾರಸಿಯಲ್ಲಿ ನಿಂತು ಸಾವಿರಕ್ಕೂ ಹೆಚ್ಚು ಫೋಟೋ ತೆಗೆದು, ಒಂದರ ಮೇಲೊಂದು ಕೂಡಿಸಿದ್ದಾಗಿ ವಿವರಿಸಿದ. ಕೂಡಿಸುತ್ತ ಹೋದರೆ ನಕ್ಷತ್ರದ ಬೆಳಕು ಉಳಿಯುತ್ತದಂತೆ, ಬೀದಿದೀಪದ ಬೆಳಕನ್ನು ಕಳೆಯಬಹುದಂತೆ.

“ಕತ್ತಲು ಇದ್ದಲ್ಲಿ ಒಂದು ರಾತ್ರಿ ಸಾಕು. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಅಷ್ಟೇ” ಎಂದ.

ಆಮೇಲೆ ಪ್ರತಿ ಶನಿವಾರ ಬಂದ. ಪ್ರಿಂಟ್ ಇಲ್ಲದ ಶನಿವಾರವೂ ಬಂದ! ಆರು ವರ್ಷ ಗಲ್ಫಿನಲ್ಲಿದ್ದು ಜನವರಿಯಲ್ಲಿ ಊರಿಗೆ ಬಂದವನು, ತಾಯಿ ರೊಸಾಲಿನ್ ಜೊತೆ ಇದ್ದಾನೆ ಎಂಬುದಷ್ಟು ಅವಳಿಗೆ ತಿಳಿಯಿತು. ಶನಿವಾರಗಳಲ್ಲಿ ತಾನು ಗಡಿಯಾರ ನೋಡುವುದು ಹೆಚ್ಚಾಗಿದೆ ಎಂಬುದೂ ತಿಳಿಯಿತು.

‘ಇಷ್ಟು ಒಳ್ಳೆಯವನು ಹೇಗೆ ಇರಲಿಕ್ಕೆ ಸಾಧ್ಯ... ಏನೋ ಇರಬೇಕು.’

ಆ ‘ಏನೋ’ ಮಾರ್ಚ್ ಮೊದಲ ವಾರ ಸಿಕ್ಕಿತು. ಅವಳು ಕಾರ್ಯದರ್ಶಿಯಾಗಿದ್ದ ಕ್ಯಾಮರಾ ಕ್ಲಬ್ ಸ್ಪರ್ಧೆ ಇಟ್ಟಿತ್ತು. ಫೋಟೋ ಮಂಗಳೂರಿನೊಳಗೇ ತೆಗೆದಿರಬೇಕೆಂಬುದು ನಿಯಮ. ಹೋದ ವರ್ಷ ಅವಳು ನಂಬಿ ಒಪ್ಪಿದ ಫೋಟೋ ಇಂಟರ್‌ನೆಟ್ಟಿನಿಂದ ಕದ್ದದ್ದಾಗಿತ್ತು. ಆ ಅವಮಾನ ಇನ್ನೂ ಆರಿರಲಿಲ್ಲ. ಹಾಗಾಗಿ ಎಲ್ಲರಿಂದಲೂ ಮೂಲ ಫೈಲ್ ಕೇಳಿದಳು. ಓರಿಯನ್ ಫೋಟೋವನ್ನೇ ಸ್ಪರ್ಧೆಗೆ ಕೊಟ್ಟಿದ್ದ ಕ್ಯಾಲ್ವಿನ್ ನಗುತ್ತಲೇ ಪೆನ್‌ಡ್ರೈವ್ ಕೊಟ್ಟ.

ಕ್ಲಬ್ಬಿನಲ್ಲಿ ಅದನ್ನು ತೆರೆದು ದಿನಾಂಕ, ಸಮಯ ನೋಡಿದಳು. ಹನ್ನೊಂದು ದಿನವೂ ಮೊದಲ ಫೋಟೋದ ಸಮಯ ಸಂಜೆ ಆರೂವರೆ! ಜನವರಿಯ ಆರೂವರೆಗೆ ಮಂಗಳೂರಿನಲ್ಲಿ ಸೂರ್ಯ ಆಗಷ್ಟೇ ಮುಳುಗಿರುತ್ತಾನೆ. ನಕ್ಷತ್ರ ಎಲ್ಲಿಂದ ಬಂತು? ಬೇಗ ಕತ್ತಲಾಗುವ ಗಲ್ಫಿನ ಮರುಭೂಮಿಯಿಂದ... ಊರಿಗೆ ಹೊರಡುವ ಮೊದಲು ಅಲ್ಲೇ ತೆಗೆದಿದ್ದಾನೆ.

ಅಲ್ಲೇ ಇದ್ದ ಅವನಿಗೆ ಸದಸ್ಯರೆಲ್ಲರ ಎದುರೇ ‘ಗಲ್ಫಿನ ಫೋಟೋ ತಂದು ಮೋಸ ಮಾಡ್ತೀರಾ?’ ಎಂದು ಬೈದಳು. ಕ್ಯಾಲ್ವಿನ್ ಪರದೆಯ ಮೇಲಿನ ಸಮಯ ನೋಡಿ ಎದ್ದು ನಿಂತ.

“ನೀವು ತೀರ್ಮಾನ ಮಾಡಿ ಆಗಿದೆ. ಇನ್ನು ಎಂತ ಹೇಳುದು?” ಎಂದು ಪೆನ್‌ಡ್ರೈವನ್ನೂ ಬಿಟ್ಟು ಹೊರಟುಹೋದ.

ಗೆದ್ದವಳಿಗೆ ಅಳು ಯಾಕೆ ಬರಬೇಕು? ಬಜಪೆಯ ಮನೆಗೆ ಬಂದು ಮತ್ತೆ ಪೆನ್‌ಡ್ರೈವ್ ಹಾಕಿದಳು. ಮೂಲೆಯಲ್ಲಿ ‘ಬೇಡದ್ದು’ ಎಂಬ ಫೋಲ್ಡರ್ ಇತ್ತು. ಒಳಗೆ ಹಾಳಾದ ಫೋಟೋಗಳು. ದಿನಕ್ಕೊಂದರಂತೆ ಹನ್ನೊಂದರಲ್ಲೂ ಕಿತ್ತಳೆ ಆಕಾಶಕ್ಕೆ ಅಡ್ಡವಾಗಿ ವಿಮಾನದ ಬಿಳಿ ಗೆರೆ. ಸಮಯ ಆರು ಮೂವತ್ತೊಂಬತ್ತು, ಒಂದೆರಡು ನಿಮಿಷ ಆಚೀಚೆ.

ಅಷ್ಟರಲ್ಲಿ ಕಿಟಕಿಯ ಗಾಜು ಗಡಗಡ ನಡುಗಿತು. ದಿನಾ ತಲೆಯ ಮೇಲೆ ಇಳಿಯುವ ವಿಮಾನ. ಗೋಡೆಯ ಗಡಿಯಾರದಲ್ಲಿ ಎಂಟೂ ಹತ್ತು. ಕೂಳೂರು ದಾಟಿದ ವಿಮಾನಕ್ಕೆ ನಿಲ್ದಾಣವಿರುವ ಬಜಪೆ ಒಂದು ನಿಮಿಷದ ದಾರಿ...

ಒಂದೂವರೆ ಗಂಟೆಯ ವ್ಯತ್ಯಾಸ! ಗಲ್ಫಿನ ಮಸ್ಕತ್ತಿನಲ್ಲಿರುವ ಅಕ್ಕ ರೇಚಲ್‌ಗೆ ಫೋನ್ ಮಾಡುವ ಮೊದಲು ಅವಳು ಇಲ್ಲಿನ ಸಮಯದಿಂದ ದಿನಾ ಕಳೆಯುವ ಲೆಕ್ಕವೇ ಅದು. ಫೋಟೋ ಕೂಳೂರಿನದ್ದೇ. ಕ್ಯಾಮರಾದ ಗಡಿಯಾರ ಮಾತ್ರ ಇನ್ನೂ ಗಲ್ಫಿನಲ್ಲಿತ್ತು.

ಮರುದಿನ ರಾತ್ರಿ ಎಂಟರ ಹೊತ್ತಿಗೆ ಕೂಳೂರಿನ ಮನೆಯಲ್ಲಿ ಬಾಗಿಲು ತೆರೆದ ರೊಸಾಲಿನ್ ಏನೂ ಕೇಳದೆ ತಾರಸಿಯ ಮೆಟ್ಟಿಲು ತೋರಿಸಿದರು.

“ಇನ್ನೂ ಡೌಟ್ ಉಂಟಾ?” ಕ್ಯಾಲ್ವಿನ್ ತಿರುಗಿ ನೋಡಲಿಲ್ಲ.

“ಫೋಟೋ ನಿಮ್ಮದೇ. ಎಲ್ಲರ ಎದುರು ಬೈದದ್ದು ನಾನು, ಎಲ್ಲರ ಎದುರೇ ತಪ್ಪು ಒಪ್ಪಿಕೊಳ್ತೇನೆ.” ಅವಳು ಅವನ ಪಕ್ಕಕ್ಕೆ ಬಂದು ನಿಂತಳು. “ಆದ್ರೆ ಒಂದು ಡೌಟ್ ಉಂಟು. ಬಂದು ಎರಡು ತಿಂಗಳಾಯ್ತು. ಕ್ಯಾಮರಾದ ಟೈಮ್ ಯಾಕೆ ಸರಿ ಮಾಡ್ಲಿಲ್ಲ? ವಾಪಸ್ ಹೋಗ್ಲಿಕ್ಕೆ ಉಂಟಾ?”

ಅವನು ಈಗ ಅವಳ ಕಡೆ ತಿರುಗಿದ.

“ಕಂಪನಿಯವರು ಪುನಃ ಕರೀತಾ ಇದ್ದಾರೆ. ನಿಲ್ಲುದಾ ಹೋಗುದಾ ಅಂತ ನನಗೇ ಗೊತ್ತಿರ್ಲಿಲ್ಲ. ನಿನ್ನೆ ಗಡಿಯಾರದ ವಿಷಯ ಹೇಳಿದ್ರೆ ನೀವು ಇದನ್ನೇ ಕೇಳ್ತಿದ್ರಿ. ಆಗ ಉತ್ತರ ಇರ್ಲಿಲ್ಲ.”

“ಈಗ ಉಂಟಾ?”

ಅವನು ಸ್ಟ್ಯಾಂಡಿನಿಂದ ಕ್ಯಾಮರಾ ಬಿಚ್ಚಿ ಅವಳ ಕೈಗಿಟ್ಟ. ಪರದೆಯಲ್ಲಿ ಆರು ಮೂವತ್ತೇಳು.

“ನೀನೇ ಸರಿ ಮಾಡು, ವಿನಿತಾ.”

ನೀವು ಹೋಗಿ ನೀನು ಬಂದಿತ್ತು. ಅವಳು ಎಂಟೂ ಏಳು ಮಾಡಿ ಗುಂಡಿ ಒತ್ತಿದಳು. ಕಣ್ಣೀರು ಕೆನ್ನೆಗಿಳಿದರೂ ಒರೆಸಿಕೊಳ್ಳಲಿಲ್ಲ.

“ಇನ್ನು ಹಿಂದೆ ತಿರುಗಿಸ್ಬಾರ್ದು.”

“ಇಲ್ಲ. ಇಲ್ಲೇ ಇರ್ತೇನೆ. ನಿನ್ನ ಜೊತೆ.”

ಕ್ಯಾಮರಾವನ್ನು ಮತ್ತೆ ಸ್ಟ್ಯಾಂಡಿಗೆ ಕೂರಿಸಿ ಆಕಾಶದತ್ತ ತಿರುಗಿಸಿದ. ಮೊದಲ ಫೋಟೋ ಮುಗಿಯುವ ಮೊದಲೇ ಎಂಟೂ ಹತ್ತರ ವಿಮಾನ ದೀಪ ಮಿನುಗಿಸುತ್ತ ಅಡ್ಡ ಹಾದುಹೋಯಿತು.

“ಹೋಯ್ತು, ಇದು ಹಾಳು.”

ಅವಳು ಅವನ ತೋಳು ಹಿಡಿದುಕೊಂಡಳು.

“ಇರ್ಲಿ ಮಾರಾಯ... ಇದೊಂದನ್ನು ‘ಬೇಡದ್ದು’ ಒಳಗೆ ಹಾಕ್ಬೇಡ.”