ಟ್ಯಾಂಕಿನೊಳಗೆ ಇಳಿದ ಕೈ

ಟ್ಯಾಂಕಿನ ಮುಚ್ಚಳ ನೆಲದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ದಪ್ಪನೆಯ ನೀಲಿ ಕೈಗವಸು. ಒಂದೇ ಒಂದು. ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆದು ಒಳಗೆ ಬಂದ ಡಾಕ್ಟರು ಕಂಡದ್ದು ಇಷ್ಟು. ಕೂಡಲೇ ಪೊಲೀಸರಿಗೆ ಫೋನ್ ಮಾಡಿದರು.

ಅದು ಸ್ಟ್ರೋಕ್ ಹೊಡೆದವರಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡುವ ಖಾಸಗಿ ಕ್ಲಿನಿಕ್. ರೋಗಿಯ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರೊಳಗಿನ ಜೀವಕೋಶಗಳನ್ನು ಬೆಳೆಸಿ, ಪುಟ್ಟ ಟ್ಯೂಬುಗಳಲ್ಲಿ ತುಂಬಿ ದ್ರವ ಸಾರಜನಕದ ಟ್ಯಾಂಕಿನಲ್ಲಿ ಇಡುತ್ತಾರೆ. ಸಮಯ ಬಂದಾಗ ಅದೇ ರೋಗಿಗೆ ಇಂಜೆಕ್ಷನ್. ನಡುವೆ ಆ ಥಂಡಿ ತಪ್ಪಿತೋ, ಕೋಶಗಳು ಸತ್ತವು.

ಆ ದಿನದ ಮೊದಲ ರೋಗಿ ಆಗಲೇ ಹೆಂಡತಿಯ ಜೊತೆ ಹೊರಗಿನ ಸೋಫಾದಲ್ಲಿ ಕೂತಿದ್ದರು. ನಿವೃತ್ತ ಪೊಲೀಸ್ ಅಧಿಕಾರಿ. ಇಲಾಖೆಯಲ್ಲಿ ಅವರಿಗೆ ಜಿಗಣೆ ಎಂದೇ ಹೆಸರು. ಕಚ್ಚಿಕೊಂಡದ್ದನ್ನು ಬಿಟ್ಟ ಮನುಷ್ಯನಲ್ಲ. ಹೋದ ವರ್ಷ ಸ್ಟ್ರೋಕ್ ಬಂದು ಬಲಗೈ ಸ್ವಾಧೀನ ತಪ್ಪಿತು, ಮಾತು ಮುಕ್ಕಾಲು ಹೋಯಿತು. ಬುದ್ಧಿ ಮಾತ್ರ ಇದ್ದ ಹಾಗೇ ಇತ್ತು. ಬಾಯಿಗೆ ಒಂದು ಸಲಕ್ಕೆ ಒಂದೋ ಎರಡೋ ಪದ ಬರುತ್ತಿತ್ತು. ಮಿಕ್ಕಿದ್ದನ್ನು ಹೆಂಡತಿ ಪೂರ್ತಿ ಮಾಡುತ್ತಿದ್ದಳು, ಕೆಲವೊಮ್ಮೆ ಅವರು ಹೇಳಹೊರಟಿದ್ದಕ್ಕಿಂತ ಜಾಸ್ತಿಯೇ.

ಮೊದಲ ಇಂಜೆಕ್ಷನ್ ಆದ ಮೇಲೆ ಬಲಗೈ ಹೆಬ್ಬೆರಳು ಒಂಚೂರು ಅಲುಗಾಡಿತ್ತು. ಅಂದಿನಿಂದ ಜಿಗಣೆಯ ಜೀವವೆಲ್ಲ ಎರಡನೆಯ ಇಂಜೆಕ್ಷನ್ ಮೇಲೇ. ಅದು ಇವತ್ತು. ಅದೇ ಜೋರಿನಲ್ಲಿ ಬೆಳಿಗ್ಗೆ ಮನೆಯಲ್ಲಿ ಒಂದು ಸುತ್ತು ಜಗಳವೂ ಆಗಿತ್ತು. ಹೆಂಡತಿ ದಿನಾ ಬಟ್ಟೆ ಒಣಹಾಕುವಾಗ ಕ್ಲಿಪ್ಪುಗಳ ಬುಟ್ಟಿಯನ್ನು ಅವರ ಮುಂದಿಟ್ಟು, ಬಲಗೈಯಲ್ಲೇ ಸಿಕ್ಕಿಸಿ ಎಂದು ಪ್ರಾಣ ತಿನ್ನುತ್ತಿದ್ದಳು. ಇವತ್ತು ಅವರು ಬುಟ್ಟಿಯನ್ನು ತಳ್ಳಿಬಿಟ್ಟರು.

"ಬೇಡ. ಇಂಜೆಕ್ಷನ್."

"ಓಹೋ! ಇಂಜೆಕ್ಷನ್ ಬಂತು, ಹೆಂಡ್ತಿ ಬೇಡವಾದ್ಲು," ಎಂದು ಆಕೆ ಚೆಲ್ಲಿದ ಕ್ಲಿಪ್ಪುಗಳನ್ನು ಒಂದೊಂದಾಗಿ ಆರಿಸಿದ್ದಳು.

ಈಗ ಡಾಕ್ಟರ ಬಾಯಿಂದ ಸುದ್ದಿ ಕೇಳಿ ಅವಳಿಗೆ ಅಳುವೇ ಬಂತು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ವಲ್ರೀ!"

ಜಿಗಣೆ ಕೋಲೂರಿ ಎದ್ದರು.

*

ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಒಂದು ಕಾಲಕ್ಕೆ ಜಿಗಣೆಯ ಕೈಕೆಳಗೇ ಪಳಗಿದವಳು. ಅವರನ್ನು ಕಂಡವಳೇ ಸೆಲ್ಯೂಟ್ ಹೊಡೆದಳು.

"ಸರ್, ನೀವಿಲ್ಲಿ?"

"ರೋಗಿ."

"ಅವರ ಕೋಶಾನೂ ಅದರೊಳಗೇ ಇತ್ತಮ್ಮ," ಎಂದಳು ಹೆಂಡತಿ.

ಟ್ಯಾಂಕಿನ ಕೋಣೆ ಹಿಂಭಾಗದಲ್ಲಿತ್ತು. ಕಿಟಕಿಯಿಲ್ಲ. ಸೊಂಟದೆತ್ತರದ ಅಗಲ ಬಾಯಿಯ ಟ್ಯಾಂಕು, ಗೋಡೆಗೊಂದು ಸ್ಟೀಲ್ ಮೇಜು, ಅಷ್ಟೇ. ಬಾಗಿಲಿನ ಬೀಗ ಮುರಿದಿತ್ತು. ಡಾಕ್ಟರು ಎಲ್ಲರನ್ನೂ ಹೊಸ್ತಿಲಲ್ಲೇ ತಡೆದರು.

"ಯಾರೂ ಹತ್ತಿರ ಬರಬೇಡಿ. ಮೈನಸ್ ನೂರ ತೊಂಬತ್ತಾರು ಡಿಗ್ರಿ ಇದ್ದದ್ದು. ರಾತ್ರಿಯೆಲ್ಲ ತೆರೆದಿದ್ರೂ ಒಳಗಿನ ಥಂಡಿ ಪೂರ್ತಿ ಹೋಗಿರಲ್ಲ. ಬೆರಳು ತಾಗಿದ್ರೆ ಚರ್ಮ ಅಲ್ಲೇ ಉಳಿಯುತ್ತೆ."

"ಮುಂಬಾಗಿಲು ಒಡೆದಿಲ್ಲ. ಕೀಲಿ ಯಾರ ಹತ್ರ ಇದೆ?" ಇನ್ಸ್‌ಪೆಕ್ಟರ್ ಕೇಳಿದಳು.

"ಒಂದು ನನ್ನ ಹತ್ರ. ಇನ್ನೊಂದು ಲ್ಯಾಬ್ ನೋಡ್ಕೊಳ್ಳೋಳ ಹತ್ರ. ನಿನ್ನೆ ತಾನೇ ಅವಳನ್ನ ಕೆಲಸ ಬಿಡಿಸಿದೆ. 'ನೋಡ್ಕೋತೀನಿ' ಅಂತ ಹೇಳಿ ಹೋದ್ಲು. ಆ ಗ್ಲೌಸ್ ಕೂಡ ಅವಳದೇ." ಡಾಕ್ಟರು ನಿಟ್ಟುಸಿರು ಬಿಟ್ಟು, ಅಂಗಡಿಯವನು ಗಲ್ಲಾದ ಮೇಲೆ ಕೈಯೂರುವ ಹಾಗೆ ಟ್ಯಾಂಕಿನ ಬಾಯಂಚಿಗೆ ಅಂಗೈ ಊರಿ ನಿಂತರು. "ಎಂಥ ಪಾಪದ ಕೆಲಸ ನೋಡಿ."

ಜಿಗಣೆ ಆ ಅಂಗೈಯನ್ನೇ ನೋಡಿದರು. ನೋಡುತ್ತಲೇ ಇದ್ದರು.

*

ಲ್ಯಾಬಿನ ಹೆಂಗಸನ್ನು ಪೇದೆ ಮನೆಯಿಂದ ಕರೆತಂದ. ನಡುವಯಸ್ಸಿನವಳು. ಸುದ್ದಿ ಕೇಳಿ ಮುಖ ಬಿಳಿಚಿಕೊಂಡಿತು, ಆಮೇಲೆ ಸಿಟ್ಟು ಬಂತು.

"ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಕೋಶ ಅವು. ನಾನೇ ಕೊಲ್ತೀನಾ?"

"ಹಾಗಾದ್ರೆ ಜಗಳ ಯಾಕೆ?"

"ಅಮ್ಮನಿಗೆ ಹುಷಾರಿಲ್ಲ ಅಂತ ನಾನು ರಜೆ ಹಾಕಿದ್ದೆ. ವಾಪಸ್ ಬಂದ್ರೆ ಟ್ಯಾಂಕ್ ರೂಮಿಗೆ ಬೀಗ. ಕೀಲಿ ಡಾಕ್ಟರ ಜೇಬಲ್ಲಿ. ಹೊಸ ರೋಗಿಗಳನ್ನ ತಗೊಳ್ಳೋದೂ ನಿಲ್ಲಿಸಿದ್ರು. ಇಂಜೆಕ್ಷನ್ ತಾವೇ ತುಂಬಿಸ್ಕೊಂಡು ಬರೋರು. ಈಗ ಮುಂದಿನ ವಾರ ಸರ್ಕಾರದವರು ತಪಾಸಣೆಗೆ ಬರ್ತಾರೆ. ಒಳಗೆ ಬಿಡಿ, ಎಲ್ಲ ಸರಿಯಿದೆಯಾ ನೋಡ್ಬೇಕು ಅಂದೆ. ಮನೆಗೆ ಹೋಗು ಅಂದ್ರು."

"ಗ್ಲೌಸ್?"

"ಎರಡೂ ಆ ರೂಮಲ್ಲೇ ಇದ್ವು. ಬೀಗ ಬಿದ್ದ ಮೇಲೆ ನನಗೆ ಸಿಗಲೇ ಇಲ್ಲ."

"ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳೋದು. ನಡೀರಿ, ಸ್ಟೇಷನ್ನಲ್ಲಿ ಮಾತಾಡೋಣ," ಎಂದಳು ಇನ್ಸ್‌ಪೆಕ್ಟರ್.

ಜಿಗಣೆ ಕೋಲನ್ನು ಅಡ್ಡ ಹಿಡಿದರು.

"ಮೊದಲು... ಅಲ್ಲಿ."

ಹಿಂದಿನ ಕೋಣೆಯತ್ತ ನಡೆದರು. ಇನ್ಸ್‌ಪೆಕ್ಟರ್ ಹಳೆಯ ಅಭ್ಯಾಸದಂತೆ ಹಿಂಬಾಲಿಸಿದಳು. ಹಿಂದೆ ಮಿಕ್ಕವರು.

ಟ್ಯಾಂಕಿನ ಮುಂದೆ ನಿಂತಾಗ ಜಿಗಣೆಗೆ ಹೆದರಿಕೆಯಾಯಿತು. ಎಷ್ಟೋ ಮನೆಗಳ ಬಾಗಿಲು ಒದ್ದು ಒಳಗೆ ನುಗ್ಗಿದವರು, ಹೀಗೆ ಹೆದರಿದ್ದಿಲ್ಲ. ತನ್ನ ಊಹೆ ತಪ್ಪಾದರೆ ಈ ಕೈ ಹೋಗುತ್ತದೆ. ಸರಿಯಾದರೆ, ಕೈ ಬರುತ್ತದೆ ಅನ್ನುವ ಆಸೆ ಹೋಗುತ್ತದೆ. ಎರಡರಲ್ಲಿ ಯಾವುದು ವಾಸಿ ಎಂದು ಗೊತ್ತಾಗಲಿಲ್ಲ. ಆದರೂ ಕೋಲನ್ನು ಬಿಟ್ಟು, ಹೊಟ್ಟೆಯನ್ನು ಟ್ಯಾಂಕಿಗೆ ಆನಿಸಿ, ಎಡಗೈಯಿಂದ ಬಲಗೈಯನ್ನು ಎತ್ತಿ ಭುಜದವರೆಗೂ ಒಳಗೆ ಇಳಿಸಿಬಿಟ್ಟರು.

"ಅಯ್ಯೋ ರೀ!" ಹೆಂಡತಿ ಚೀರಿದಳು.

"ಸರ್!" ಇನ್ಸ್‌ಪೆಕ್ಟರ್ ಹಾರಿ ಅವರ ತೋಳು ಹಿಡಿದಳು.

"ಕೈ ತೆಗೀರಿ, ಕೈ ತೆಗೀರಿ!" ಲ್ಯಾಬಿನವಳು ಕೂಗಿದಳು.

ಜಿಗಣೆ ಮೂವರನ್ನೂ ನೋಡಲಿಲ್ಲ. ಡಾಕ್ಟರನ್ನು ನೋಡುತ್ತಿದ್ದರು. ಡಾಕ್ಟರು ಬಾಗಿಲ ಬಳಿ ನಿಂತಿದ್ದರು. ಬಾಯಿ ಬಿಟ್ಟಿರಲಿಲ್ಲ. ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ.

ಕೈ ಹೊರಗೆ ಬಂತು. ಬೆರಳುಗಳಿಗೆಲ್ಲ ಧೂಳು ಹಿಡಿದ ಜೇಡರ ಬಲೆ ಸುತ್ತಿಕೊಂಡಿತ್ತು. ಪುಟ್ಟ ಜೇಡವೊಂದು ಮಣಿಕಟ್ಟಿನ ಮೇಲೆ ಹರಿದು ಮೇಜಿನ ಕೆಳಗೆ ಓಡಿತು.

*

"ಒಳಗೆ ಫೀಸು ಕೊಡದ ರೋಗಿ ಒಬ್ಬ ಇದ್ದ ಹಾಗಿದೆ," ಎನ್ನುತ್ತಾ ಇನ್ಸ್‌ಪೆಕ್ಟರ್ ತಾನೂ ಕೈಯಿಟ್ಟು ನೋಡಿದಳು. ಒಳಗೆಲ್ಲ ಒಣ, ಟ್ಯೂಬುಗಳ ಮೇಲೂ ಧೂಳು. ಅಡುಗೆಮನೆಯ ಖಾಲಿ ಹಂಡೆಯಷ್ಟೇ ಬೆಚ್ಚಗೆ.

"ರಾತ್ರಿಯಲ್ಲಿ ಎಲ್ಲ ಆವಿಯಾಗಿ ಹೋಗಿರಬೇಕು," ಎಂದರು ಡಾಕ್ಟರು.

"ಸಾಧ್ಯಾನೇ ಇಲ್ಲ," ಎಂದಳು ಲ್ಯಾಬಿನವಳು. "ತುಂಬಿದ ಟ್ಯಾಂಕು ಒಂದು ರಾತ್ರಿಗೆಲ್ಲ ಹೀಗೆ ಒಣಗಲ್ಲ. ಬಾಯಿ ಸುತ್ತ ಹಿಮ ಗಡ್ಡದ ಹಾಗೆ ಬೆಳೆದಿರುತ್ತೆ. ಇದು ಎಷ್ಟೋ ದಿನದಿಂದ ಖಾಲಿ ಬಿದ್ದಿದೆ."

"ಸರ್, ನಿಮಗೆ ಹೇಗೆ ಗೊತ್ತಾಯ್ತು?" ಇನ್ಸ್‌ಪೆಕ್ಟರ್ ಕೇಳಿದಳು.

"ಅಂಗೈ," ಎಂದರು ಜಿಗಣೆ.

ಹೆಂಡತಿಗೆ ಥಟ್ಟನೆ ಹೊಳೆಯಿತು. "ಹೌದಲ್ವಾ! ನಮಗೆಲ್ಲ ಮುಟ್ಬೇಡಿ ಅಂದ್ರಿ, ನೀವು ಮಾತ್ರ ಬರಿಗೈ ಊರಿ ನಿಂತಿದ್ರಿ ಡಾಕ್ಟ್ರೇ. ಬಾಯಿ ಸುಳ್ಳು ಹೇಳ್ತು, ಕೈ ಮರೆತುಬಿಡ್ತು."

"ಮೂವರು... ಕೂಗಿದ್ರು."

"ನಾವು ಮೂರೂ ಜನ ಕೂಗಿದ್ವಿ," ಎಂದು ಹೆಂಡತಿ ಪೂರ್ತಿ ಮಾಡಿದಳು. "ರೋಗಿ ಕೈ ಹೋಗುತ್ತೆ ಅಂದ್ರೆ ಡಾಕ್ಟರೇ ಮೊದಲು ಕೂಗ್ಬೇಕಿತ್ತು. ಅಪಾಯ ಇಲ್ಲ ಅಂತ ಗೊತ್ತಿದ್ದೋರು ನೀವೊಬ್ರೇ."

ಡಾಕ್ಟರು ಸ್ಟೀಲ್ ಮೇಜಿಗೆ ಒರಗಿದರು. ಮುಂದಿನದು ಸಲೀಸಾಗಿ ಹೊರಬಂತು. ಲ್ಯಾಬಿನವಳು ರಜೆಯಲ್ಲಿದ್ದಾಗ ತಾವೂ ಪ್ರವಾಸ ಹೋಗಿದ್ದರು. ಸಾರಜನಕ ತುಂಬಿಸುವುದು ಮರೆತೇಹೋಗಿತ್ತು. ಬಂದು ನೋಡಿದರೆ ಎಲ್ಲರ ಕೋಶಗಳೂ ಸತ್ತಿದ್ದವು. ಒಪ್ಪಿಕೊಳ್ಳುವ ಬದಲು ಬೀಗ ಹಾಕಿದರು. ತಪಾಸಣೆ ಹತ್ತಿರ ಬಂದಾಗ ತಾವೇ ಬೀಗ ಮುರಿದು, ಮುಚ್ಚಳ ಕಿತ್ತು, ಕೈಗವಸು ಎಸೆದರು.

"ಬೇಲೀನೇ ಎದ್ದು ಹೊಲ ಮೇಯ್ತು," ಎಂದಳು ಇನ್ಸ್‌ಪೆಕ್ಟರ್.

"ನನ್ನ... ಮೊದಲ ಇಂಜೆಕ್ಷನ್?" ಜಿಗಣೆ ಕೇಳಿದರು. ಅಷ್ಟು ಹೊತ್ತಿನಲ್ಲಿ ಅವರ ಅತಿ ಉದ್ದದ ಮಾತು ಅದೇ.

ಡಾಕ್ಟರು ತಲೆಯೆತ್ತಲಿಲ್ಲ. "ಅದೂ ಬರೀ ಉಪ್ಪುನೀರು."

ಪೇದೆ ಅವರನ್ನು ಕರೆದುಕೊಂಡು ಹೋದ. ಲ್ಯಾಬಿನವಳು ಜಿಗಣೆಯ ಹತ್ತಿರ ಬಂದಳು. "ಸರ್, ಈ ಚಿಕಿತ್ಸೆ ಇನ್ನೂ ಪರೀಕ್ಷೆ ಹಂತದಲ್ಲೇ ಇದೆ. ಗುಣ ಆಗೇ ಆಗುತ್ತೆ ಅಂತ ಯಾರೂ ಮಾತು ಕೊಡೋ ಹಾಗಿಲ್ಲ. ಡಾಕ್ಟರು ಕೊಟ್ಟಿದ್ರು. ನಾನೂ ಸುಮ್ಮನಿದ್ದೆ."

*

ಮನೆಗೆ ಬಂದು ಜಿಗಣೆ ಬಾಲ್ಕನಿಯ ಕುರ್ಚಿಯಲ್ಲಿ ಕೂತರು. ಆಸೆ ಹೋಗಿತ್ತು. ಅದಕ್ಕೆ ದುಃಖವೂ ಆಗಿತ್ತು, ಮುಚ್ಚಿಡುವಂಥದ್ದೇನಲ್ಲ. ಹೆಂಡತಿ ಉಳಿದ ಬಟ್ಟೆ ಹಿಂಡಿ ಹರವುತ್ತಿದ್ದಳು.

ಬೆರಳಿಗೆ ಇನ್ನೂ ಒಂದೆಳೆ ಬಲೆ ಅಂಟಿತ್ತು. ಹೆಬ್ಬೆರಳು ತಾನಾಗಿ ಸರಿದು ಅದನ್ನು ಉಜ್ಜಿತು. ಜಿಗಣೆ ಹುಬ್ಬೇರಿಸಿದರು. ಉಪ್ಪುನೀರಿಗೆ ಬೆರಳು ಅಲ್ಲಾಡುವುದಿಲ್ಲ. ಹಾಗಾದರೆ ಈ ಕೆಲಸ ಮಾಡಿದವರು ಯಾರು? ಸ್ಥಳದಲ್ಲಿ ದಿನಾ ಇದ್ದವರು ಒಬ್ಬರೇ.

"ನೀನು," ಎಂದರು.

"ನಾನೇನ್ ಮಾಡ್ದೆ?"

"ಬೆರಳು. ನೀನೇ."

ಆಕೆ ಒದ್ದೆ ಟವೆಲ್ ಹಿಡಿದು ಹಾಗೇ ನಿಂತಳು. ಆಮೇಲೆ ಅದೇ ಟವೆಲಿನಲ್ಲಿ ಮುಖ ಒರೆಸಿಕೊಂಡಳು.

"ಬುಟ್ಟಿ," ಎಂದರು ಜಿಗಣೆ.

ಆಕೆ ಬುಟ್ಟಿ ತಂದು ಅವರ ಬಲಗಡೆ ಇಟ್ಟಳು. ಮೊದಲನೆಯ ಕ್ಲಿಪ್ಪು ನೆಲಕ್ಕೆ ಬಿತ್ತು. ಎರಡನೆಯದೂ ಬಿತ್ತು. ಜಿಗಣೆ ಹೆಂಡತಿಯ ಮುಖ ನೋಡಿದರು.

"ನನ್ನೇನ್ ನೋಡ್ತೀರಿ? ನೀವೇ ಎತ್ಕೊಳ್ಳಿ," ಎಂದಳು ಆಕೆ.