ಎಳ್ಳ ಅಮಾವಾಸ್ಯೆಯಂದು ಕೆಟ್ಟ ಕಾರು

"ನನ್ನ ಗಂಡ ಸುಳ್ಳು ಹೇಳಾಕತ್ಯಾನ್ರೀ ಬಾಯಾರ. ಆ ಸುಳ್ಳ ಅವನ್ನ ಜೇಲಿಗಿ ಕಳಿಸ್ತೈತಿ."

ರೇಣವ್ವ ಹೊಸ್ತಿಲು ದಾಟುವ ಮೊದಲೇ ಇಷ್ಟು ಹೇಳಿದಳು. ಎಳ್ಳ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ. ವಿದ್ಯಾವತಿ ಅಕ್ಕ ಚಹಾ ಸೋಸುತ್ತಿದ್ದರು. ಅವಳಿಗೊಂದು ಕಪ್ಪು ಕೊಟ್ಟು, "ಮೊದಲ ಕೂಡ್ರು" ಎಂದರು.

ಅಕ್ಕ ವಕೀಲರು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಗಾಡಿ ಎಲ್ಲಿ ಯಾರಿಗೆ ಗುದ್ದಿದರೂ ಜನ ಅವರ ಹೆಸರನ್ನೇ ಹೇಳುತ್ತಾರೆ. ನನ್ನ ಗಂಡ ಅರುಣಕುಮಾರ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನನ್ನ ಕೇಸೂ ಅವರ ಬಳಿಗೇ ಬಂದಿತ್ತು. ಕೇಸು ಮುಗಿಯಿತು. ನಾನು ಅವರ ಮನೆಯ ಮೇಲಿನ ಕೋಣೆಯಲ್ಲೇ ಉಳಿದೆ. ಪೊಲೀಸರಿಗೆ ಬಗೆಹರಿಯದ್ದನ್ನೂ ಜನ ಅವರ ಬಳಿ ತರುತ್ತಾರೆ. ಅವರು ಬಿಡಿಸುತ್ತಾರೆ, ನಾನು ಬರೆದಿಡುತ್ತೇನೆ.

ರೇಣವ್ವನ ಗಂಡ ಮಾಳಿಂಗ, ಅನಿಲ ಸಾವಕಾರರ ಡ್ರೈವರು. ಅನಿಲ ದ್ರಾಕ್ಷಿ ರಫ್ತಿನವರು. ಇಟಲಿಯ ಅಪರೂಪದ ಕಾರೊಂದನ್ನು ಮುಂಬೈಯಿಂದ ತಂದಿದ್ದರು. ದೇಶದಲ್ಲೇ ಅಂಥವು ಕೆಲವೇ ಕೆಲವು. ಅದನ್ನು ಕಾಯುವುದು ಮಾಳಿಂಗನ ಕೆಲಸ. ಅಮಾವಾಸ್ಯೆಯ ದಿನ ಮನೆಯವರೆಲ್ಲ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಲಚ್ಯಾಣದ ಹೊಲಕ್ಕೆ ಹೋಗಿದ್ದರು. ಸಂಜೆ ಬಂದು ಬೆಳಗಿನ ಪೂಜೆ ಮುಗಿಸಲೆಂದು ಚಾಲೂ ಮಾಡಿದರೆ ಕಾರಿನ ಇಂಜಿನ್ನು ಒಳಗೆ ಕಲ್ಲು ಹಾಕಿದಂತೆ ಬಡಿದುಕೊಂಡಿತು.

"ಇಂವನ ಕಾರ ಕದ್ದು ಹೊಡದಾನ ಅಂತ ಇವತ್ತ ಮಧ್ಯಾಹ್ನ ಠಾಣೆಕ್ಕ ಹೋಗಾವ್ರದಾರ್ರಿ" ಎಂದಳು ರೇಣವ್ವ. "ಇಂವಾ ಏನಂತಾನ, ನಾ ದಿನಾಪೂರ್ತಿ ಕಾರಿನ ಕಡೆನ ಇದ್ನಿ, ಯಾರೂ ಬಂದಿಲ್ಲ ಅಂತಾನ. ಅಂದ್ರ ಇವನ ಮಾಡಿದಂಗ ಆತಲ್ರಿ?"

"ಇರಲಿಲ್ಲೇನು?"

"ಇರಲಿಲ್ರಿ! ನನ್ನ ಜೋಡಿ ನಮ್ಮ ಹೊಲದಾಗಿದ್ದ. ನಮ್ಮನ್ಯಾಗ ಚರಗ ಚೆಲ್ಲಾಕ ಗಂಡಸ ಅಂದ್ರ ಅವನೊಬ್ಬನ. ಆದ್ರ ಕೆಲಸಕ್ಕ ಸೇರುವಾಗ ಭಂಡಾರ ಹಿಡದು ಆಣಿ ಮಾಡ್ಯಾನ, ಸಾವಕಾರ್ರು ಊರಾಗ ಇಲ್ದಾಗ ಕಾರ ಬಿಟ್ಟು ಹೋಗೂದಿಲ್ಲ ಅಂತ. ಆಣಿ ಮುರದೇನಿ ಅಂತ ಬಾಯಿ ಬಿಟ್ಟು ಹೇಳೂದಕಿಂತ ಜೇಲ ಚೊಲೋ ಅಂತಾನ. ನನಗೂ ಹೇಳಬ್ಯಾಡ ಅಂದಾನ. ಹೇಳಿಬಿಟ್ನಿ. ಸರಿ ಮಾಡಿದ್ನೋ ತಪ್ಪ ಮಾಡಿದ್ನೋ, ಏನೂ ತಿಳೀವಲ್ದು."

ನನಗೂ ತಿಳಿಯಲಿಲ್ಲ. ದೇವರ ಅರಿಶಿನ ಭಂಡಾರ ಹಿಡಿದು ಕೊಟ್ಟ ಮಾತಿಗಾಗಿ ಮಾಡದ ತಪ್ಪನ್ನು ಹೊರುವುದು. ಅಕ್ಕ ಚಪ್ಪಲಿ ಮೆಟ್ಟಿದರು. "ವಿಜಿ, ನಡಿ."

*

ಇಂಡಿಯ ಸಿಂದಗಿ ರಸ್ತೆಯಲ್ಲಿ ಅನಿಲರ ಮನೆ. ಮನೆಯ ಪಕ್ಕಕ್ಕೆ ಕಾರಿಗೆಂದೇ ಕಟ್ಟಿಸಿದ ಗ್ಯಾರೇಜು. ಹಳದಿ ಕಾರು ಬಾಗಿಲ ಕಡೆ ಮುಖ ಮಾಡಿ ನಿಂತಿತ್ತು. ನನ್ನ ಸೊಂಟದೆತ್ತರಕ್ಕೂ ಬರುವುದಿಲ್ಲ. ಹಿಂದೆ ಒಂದು ಗೇಣು ಬಿಟ್ಟರೆ ಗೋಡೆ. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ, ಸೇವಂತಿ ಹೂ. ನಾಲ್ಕೂ ಗಾಲಿಗಳ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು. ಒಂದಕ್ಕೆ ಎಲೆ ಇನ್ನೂ ಅಂಟಿಕೊಂಡಿತ್ತು.

ಪುಣೆಯಿಂದ ಜುಲ್ಫಿಕರ ಎಂಬ ಮೆಕ್ಯಾನಿಕ್ ರಾತ್ರಿಯೇ ಹೊರಟು ಬೆಳಿಗ್ಗೆ ಬಂದಿದ್ದ. "ಇಂಜಿನ್ ತಣ್ಣಗಿದ್ದಾಗ ಒಮ್ಮೆಲೆ ಎಕ್ಸಲೇಟರ್ ಪೂರ್ತಿ ಒತ್ಯಾರ್ರಿ. ಒಂದ ಸಲ ಅಲ್ಲ, ಭಾಳ ಸಲ. ಎಣ್ಣಿ ಮ್ಯಾಲೇರೂತನಕ ಕಾದಿಲ್ಲ. ಕಾರಿನ ಒಳಗಿನ ಕಂಪ್ಯೂಟರಿನ ಲೆಕ್ಕ ಕಂಪನಿಯವ್ರ ತೆಗದು ನೋಡಬೇಕು, ವಾರಗಟ್ಟಲೆ ಆಗ್ತೈತಿ" ಎಂದ. ಮೀಟರ್ ಎಷ್ಟಿತ್ತೆಂದು ಅನಿಲ ನೋಡಿಟ್ಟಿರಲಿಲ್ಲ.

"ನಾನೂ ಜೋರ ಹೊಡೀತೇನಿ ಅಕ್ಕಾರ" ಎಂದರು ಅನಿಲ. ಕಣ್ಣು ಕೆಂಪಾಗಿದ್ದವು. "ನಸುಕಿನಾಗ ಬಾಗೇವಾಡಿ ರಸ್ತಾದಾಗ ಇದನ್ನ ಪೂರಾ ವೇಗದಾಗ ಬಿಡ್ತೇನಿ. ಆದ್ರ ಮೊದಲ ಬೆಚ್ಚಗ ಮಾಡ್ಕೊತೇನಿ. ಓಡಾಕಂತ ಹುಟ್ಟಿದ್ದನ್ನ ಓಡಸಬೇಕು. ಕೊಲ್ಲೂದು ಬ್ಯಾರೆ."

"ಓಡಸೂದ ಬ್ಯಾಡ ಅಂತ ಹೇಳಕೋತ ಬಂದ್ನಿ." ಬಾಗಿಲಲ್ಲಿ ನಿಂತಿದ್ದವರು ಅವರ ತಂದೆ ಶ್ರೀಶೈಲಪ್ಪ. ನಿಂಬೆಯ ವ್ಯಾಪಾರದಿಂದ ಮೇಲೆ ಬಂದವರು. ಹಣೆಯ ತುಂಬ ವಿಭೂತಿ. ಎಡಗಡೆ ಹುಬ್ಬಿನವರೆಗೆ ಇಳಿದಿತ್ತು. "ಇಂಥಾ ವಸ್ತು ಮುಚ್ಚಿ ಇಡಬೇಕು. ಇವತ್ತ ಇದ್ದದ್ದು ನಾಳೆ ಹುಡುಕಿದ್ರ ಸಿಗೂದಿಲ್ಲ. ಆತು, ಹೋಗ್ಲಿ ಬಿಡು. ಠಾಣೆ ಗೀಣೆ ಬ್ಯಾಡ. ಅಂವನ್ನ ಕೆಲಸದಿಂದ ಬಿಡಸು, ಸಾಕು."

"ಮುಚ್ಚಿ ಇಡಾಕ ಏನದು, ಉಪ್ಪಿನಕಾಯಿ ಭರಣಿ ಏನ್ರಿ ಮಾವಾರ?" ಎಂದು ನಕ್ಕವನು ಅಮಿತ, ಅನಿಲರ ಹೆಂಡತಿ ಸುನಂದಾಳ ತಮ್ಮ, ಸಿಂದಗಿಯವನು. "ನಾ ಎಷ್ಟ ಸಲ ಹೊಡದೇನಿ. ಕುದುರಿ ಆದಂಗ ಅದು. ಕಟ್ಟಿದ್ರನ ಕೆಡ್ತೈತಿ."

"ನಿನ್ನೆ ನೀ ಎಲ್ಲಿದ್ದಿ ಕುದುರಿ ಸವಾರ?" ಎಂದರು ಅಕ್ಕ.

ಅಮಿತನ ನಗು ನಿಂತಿತು. ಊಟವಾದ ಮೇಲೆ ಬೈಕಿನಲ್ಲಿ ಸಿಂದಗಿಗೆ ಹೋದೆನೆಂದ. ಶ್ರೀಶೈಲಪ್ಪನವರೂ ಊಟವಾದೊಡನೆ ಮಠಕ್ಕೆಂದು ಎದ್ದುಹೋಗಿದ್ದರಂತೆ. ಅನಿಲ, ಸುನಂದಾ ಸಂಜೆಯವರೆಗೆ ಹೊಲದಲ್ಲೇ ಇದ್ದರು. ಕೀಲಿ? ಪೂಜೆಗೆಂದು ಬೆಳಿಗ್ಗೆಯಿಂದ ಕಾರಿನ ಮುಂದೆ ತಟ್ಟೆಯಲ್ಲೇ ಇತ್ತು. ಮಾಳಿಂಗ ಇದ್ದಾನಲ್ಲ ಎಂಬ ಧೈರ್ಯ.

ಮಾಳಿಂಗ ಕಂಪೌಂಡಿನ ಬೇವಿನ ಕೆಳಗೆ ಕೂತಿದ್ದ. ಹಣೆಯ ಮೇಲೆ ಹಳದಿ ಭಂಡಾರ. ಅಕ್ಕ ಏನು ಕೇಳಿದರೂ ಒಂದೇ ಮಾತು: "ಇಲ್ಲೇ ಇದ್ನಿರಿ. ಯಾರೂ ಬಂದಿಲ್ರಿ." ರೇಣವ್ವನತ್ತ ನೋಡಲೂ ಇಲ್ಲ.

ಅಕ್ಕ ಮರಳಿ ಕಾರಿನ ಬಾಗಿಲು ತೆರೆಸಿದರು. ಬಾಗಿಲ ಚೌಕಟ್ಟಿನ ಮೇಲಂಚಿನಲ್ಲಿ ಬೂದಿ ಬಳಿದುಹೋದ ಗುರುತೊಂದಿತ್ತು. "ಇದು ನಿನ್ನ ಪೂಜೆದೇನವಾ?" ಎಂದು ಸುನಂದಾಳನ್ನು ಕೇಳಿದರು.

"ಅಲ್ರಿ. ನಾ ಬಾನೆಟ್ಟಿಗಷ್ಟ ಹಚ್ಚೇನಿ."

ಬೆಳಿಗ್ಗೆ ಪೂಜೆ ಮಾಡಿ, ಮನೆಯವರನ್ನೆಲ್ಲ ಕಾರಿನ ಪಕ್ಕ ನಿಲ್ಲಿಸಿ ಸುನಂದಾ ಮೊಬೈಲಿನಲ್ಲಿ ತೆಗೆದಿದ್ದ ಚಿತ್ರವನ್ನು ಅಕ್ಕ ಬಹಳ ಹೊತ್ತು ನೋಡಿದರು. ಆಮೇಲೆ ಸೀಟಿನಲ್ಲಿ ಕೂಡುತ್ತೇನೆಂದು ಬಗ್ಗಿದರು. ಟಣ್ಣೆಂದು ತಲೆ ಬಡಿಯಿತು.

"ಯವ್ವಾ! ಇದೇನ ಕಾರೋ, ಕೋಳಿ ಗೂಡೋ?"

"ಹೊಸಬರಿಗೆಲ್ಲಾ ಬಡೀತೈತ್ರಿ ಅದು" ಎಂದ ಅಮಿತ.

ಹಣೆ ಉಜ್ಜಿಕೊಳ್ಳುತ್ತ ಅಕ್ಕ ಹೊರಬಂದರು. ಯಾಕೋ ಅವರ ಮುಖ ಸಪ್ಪಗಾಗಿತ್ತು. "ಎಲ್ಲಾರನೂ ಇಲ್ಲೇ ಕರಿ ವಿಜಿ. ಮಾಳಿಂಗನ್ನೂ."

*

ಗ್ಯಾರೇಜಿನಲ್ಲಿ ಒಂದೇ ಕುರ್ಚಿ ಇತ್ತು. ಅಕ್ಕ ಅದನ್ನು ಶ್ರೀಶೈಲಪ್ಪನವರಿಗೆ ಕೊಟ್ಟು ತಾವು ನಿಂತರು.

"ನಿನ್ನೆ ಈ ಕಾರು ಎಲ್ಲಿತನಕ ಹೋಗಿತ್ತು?" ಎಂದು ಕೇಳಿದರು.

"ಅದ ಗೊತ್ತಾಗವಲ್ದು. ಎಲ್ಲೆರ ಹೊಡದಾನ" ಎಂದರು ಅನಿಲ.

"ಎಲ್ಲೂ ಹೋಗಿಲ್ಲ. ಕೆಳಗ ನೋಡ್ರಿ."

ನಾವೆಲ್ಲ ಗಾಲಿಗಳತ್ತ ನೋಡಿದೆವು. ನಾಲ್ಕು ನಿಂಬೆಹಣ್ಣು, ನಾಲ್ಕೂ ಗುಂಡಗೆ. ಎಲ್ಲಿ ನೋಡಿದರೂ ನಿಂಬೆಯ ತೋಟವೇ ಇರುವ ಇಂಡಿಯಲ್ಲಿ ನಿಂಬೆಹಣ್ಣನ್ನು ಯಾರೂ ಗಮನಿಸುವುದಿಲ್ಲ.

"ಕಾರು ಮುಂದ ಹೋಗಿದ್ರ ಇವು ಅಪ್ಪಚ್ಚಿ ಆಗಬೇಕಿತ್ತು. ಹಿಂದ ಹೋಗಾಕ ಗೋಡಿ."

"ಹೊಸಾವ ತಂದು ಇಟ್ಟಿರಬಹುದಲ್ರಿ" ಎಂದ ಅಮಿತ. "ನಮ್ಮಲ್ಲೇನ ನಿಂಬಿಕಾಯಿಗಿ ಬರ ಐತೇನು?"

"ಇರಬಹುದು. ಅದಕ್ಕ ಸುನಂದಾನ ಫೋಟೋ ನೋಡಿದ್ನಿ. ಎಡಗಡೆ ಮುಂದಿನ ಗಾಲಿ ಮುಂದಿನ ಹಣ್ಣಿಗಿ ಎಲಿ ಐತಿ, ಎಲಿ ಮ್ಯಾಲ ಕುಂಕುಮ ಸಿಡದೈತಿ. ಈಗೂ ಹಂಗ ಐತಿ. ಅಂದ್ರ ಕಾರು ನಿಂತಲ್ಲೇ ನಿಂತೈತಿ. ಯಾರೋ ಒಳಗ ಕೂತು ಸುಮ್ಮನ ಒತ್ಯಾರ, ಸಪ್ಪಳಕ್ಕ. ಹೌದಲ್ರಿ ಜುಲ್ಫಿಕರಭಾಯ್, ನಿಂತಲ್ಲೇ ಒತ್ತಿದ್ರ ಕೆಡ್ತೈತೇನು?"

"ತಣ್ಣಗಿದ್ದಾಗ ಹಂಗ ಒತ್ತಿದ್ರ ಖಂಡಿತ ಕೆಡ್ತೈತ್ರಿ" ಎಂದ ಜುಲ್ಫಿಕರ.

"ಈಗ ವಿಚಾರ ಮಾಡ್ರಿ. ಮಾಳಿಂಗಗ ಈ ಕಾರು ಹೊಡ್ಯಾಕ ಬರ್ತೈತಿ. ಅಮಿತಗೂ ಬರ್ತೈತಿ. ನಿನ್ನೆ ಊರಿಗಿ ಊರ ಹೊಲದಾಗ, ರಸ್ತಾ ಪೂರಾ ಖಾಲಿ. ಹೊಡ್ಯಾಕ ಬರಾಂವ ಅಂಥಾ ದಿನ ಕದ್ದು ಕೂತ್ರ ಗ್ಯಾರೇಜಿನಾಗ ಯಾಕ ಇರ್ತಾನ? ಇಲ್ಲಿ ಕೂತಾವ್ರಿಗಿ ಗೇರ್ ಹಾಕಾಕ ಬರೂದಿಲ್ಲ. ಕೀಲಿ ತಿರುವೂದು, ಒತ್ತೂದು, ಇಷ್ಟ ಗೊತ್ತು. ಮತ್ತ ಈ ಕಾರಿನಾಗ ಅವ್ರು ಹಿಂದ ಎಂದೂ ಕೂತಿಲ್ಲ."

"ಅದ್ಹೆಂಗ ಹೇಳ್ತೀರಿ?" ಎಂದಳು ಸುನಂದಾ.

"ಈಗ ನನ್ನ ತಲಿ ಬಡೀಲಿಲ್ಲೇನವಾ? ರೂಢಿ ಇದ್ದವ್ರು ಬಗ್ಗತಾರ. ರೂಢಿ ಇಲ್ದವ್ರ ಹಣಿ ಬಡೀತೈತಿ. ಬಡದ ಜಾಗಾದಾಗ ವಿಭೂತಿ ಹತ್ತೈತಿ. ಮಾಳಿಂಗ ಹಚ್ಚೂದು ಭಂಡಾರ. ಅಮಿತನ ಹಣಿ ಖಾಲಿ, ನಿನ್ನೆ ಫೋಟೋದಾಗೂ ಖಾಲಿ."

ಆಗ ನನಗೂ ಕಂಡಿತು. ನೋಡಬಾರದೆಂದುಕೊಂಡೆ, ಆದರೂ ಕಣ್ಣು ಕುರ್ಚಿಯತ್ತಲೇ ಹೋಯಿತು.

"ಯಜಮಾನ್ರ," ಎಂದರು ಅಕ್ಕ ಮೆಲ್ಲಗೆ, "ಎಲ್ಲಾರಕಿಂತ ಹೆಚ್ಚು ಸಿಟ್ಟ ನಿಮಗ ಬರಬೇಕಿತ್ತು. ಕಾರು ಮುಟ್ಟಬಾರದು ಅನ್ನಾವ್ರು ನೀವು. ಆದ್ರ ಠಾಣೆ ಬ್ಯಾಡ ಅಂದಾವ್ರೂ ನೀವ. ಹಣಿ ಭಾಳ ಬಾತೈತೇನ್ರಿ?"

ಶ್ರೀಶೈಲಪ್ಪ ಧೋತರದ ಚುಂಗಿನಿಂದ ವಿಭೂತಿ ಒರೆಸಿದರು. ಹುಬ್ಬಿನ ಮೇಲೆ ನೀಲಿಗಟ್ಟಿದ ಬಾವು ಇತ್ತು.

"ಅಪ್ಪಾ?" ಅನಿಲರಿಗೆ ಅರ್ಥವೇ ಆಗಲಿಲ್ಲ. "ನೀ? ನೀ ಯಾಕ?"

ಮುದುಕರು ಕಾರನ್ನೇ ನೋಡುತ್ತ ಹೇಳಿದರು. "ದಿನಾ ನಸುಕಿನಾಗ ಎದ್ದು ಹೋಕ್ಕಿ. ಬಂದಾಗ ನಿನ್ನ ಮುಖದಾಗ ಒಂದ ಬೆಳಕ ಇರ್ತೈತಿ. ಸಣ್ಣಾಂವ ಇದ್ದಾಗ ಇತ್ತು, ಆಮ್ಯಾಲ ನಾ ಕಂಡಿದ್ದಿಲ್ಲ. ಅದರಾಗ ಅಂಥಾದ್ದೇನೈತಿ ಅಂತ ನೋಡೂನಂತ ಅನಿಸ್ತು. ಕೇಳಾಕ ಹೆಂಗ ಬರ್ತೈತಿ? ಎರಡ ವರ್ಷ ಬ್ಯಾಡ ಬ್ಯಾಡ ಅಂತ ಬೈದ ಬಾಯಿಲೆ ನನ್ನೂ ಕೂಡಿಸ್ಕೊ ಅಂತ ಹೆಂಗ ಕೇಳ್ಲಿ? ನಿನ್ನೆ ಬಂದ್ನಿ. ಮಾಳಿಂಗ ಇರಲಿಲ್ಲ. ಬಾಗಲಾ ಮುಂದ ಮಾಡಿ ಕೂತ್ನಿ. ಒತ್ತಿದ್ನಿ. ಎದಿ ಝಲ್ ಅಂತು. ಮತ್ತ ಒತ್ತಿದ್ನಿ..."

ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು.

"ಮಾಳಿಂಗ ಇಲ್ದದ್ದು ಗೊತ್ತಿದ್ದೂ ಸುಮ್ನಿದ್ರಿ" ಎಂದರು ಅಕ್ಕ.

"ಅಂವಾ ಇದ್ದಿದ್ದಿಲ್ಲ ಅನ್ನಬೇಕಂದ್ರ ನಾ ಇದ್ನಿ ಅನ್ನಬೇಕಾಗ್ತಿತ್ತು. ಅಂವಾ ನೋಡಿದ್ರ ನಾನ ಇದ್ನಿ ಅಂತಾನ! ನನ್ನ ಗುರತ ಸಿಕ್ಕೈತೇನು, ನನ್ನ ಉಳಸಾಕತ್ತಾನೇನು ಅಂತ ರಾತ್ರೆಲ್ಲಾ ತಲಿ ಕೆಟ್ಟಹೋತು. ಮಾಳಿಂಗಾ, ಯಾಕ ಹಂಗ ಹೇಳ್ದ್ಯೋ?"

ರೇಣವ್ವ ಸೆರಗು ಬಿಗಿ ಮಾಡಿಕೊಂಡು ಮುಂದೆ ಬಂದಳು. ಚರಗದ ಮಾತನ್ನೂ ಆಣೆಯ ಮಾತನ್ನೂ ಎಲ್ಲರೆದುರು ಹೇಳಿದಳು.

ಅನಿಲ ಗೋಡೆಗೆ ಆತು ನಿಂತಿದ್ದರು. ತಂದೆಯತ್ತ ನೋಡಿ, "ಒಂದ ಮಾತ ಅಂದಿದ್ರ ಕೂಡಿಸ್ಕೊಂಡ ಹೋಗ್ತಿದ್ನಲ್ಲಪಾ" ಎಂದರು. ಅದರಲ್ಲಿ ಸಿಟ್ಟೆಷ್ಟು, ಮತ್ತೊಂದೆಷ್ಟು, ನನಗೆ ಬಿಡಿಸಿಕೊಳ್ಳಲಾಗಲಿಲ್ಲ. ಅಂಥ ಕಾರನ್ನು ಓಡಿಸಬೇಕೋ ಮುಚ್ಚಿಡಬೇಕೋ ಎಂಬುದೂ ನನಗಿನ್ನೂ ತಿಳಿದಿಲ್ಲ. ಕಾರಂತೂ ಆ ಮಧ್ಯಾಹ್ನ ಲಾರಿಯ ಮೇಲೆ ಪುಣೆಗೆ ಹೋಯಿತು. ಠಾಣೆಗೆ ಯಾರೂ ಹೋಗಲಿಲ್ಲ.

ಶ್ರೀಶೈಲಪ್ಪ ಮಾಳಿಂಗನ ಮುಂದೆ ಬಂದು ಕೈ ಜೋಡಿಸಿದರು. "ನಾಳೆಯಿಂದ ಕೆಲಸಕ್ಕ ಬಾ" ಎಂದರು ಅನಿಲ.

"ಬ್ಯಾಡ್ರಿ. ನಾ ಆಣಿ ಮುರದಾಂವ ಅದೇನಿ" ಎಂದ ಮಾಳಿಂಗ.

"ಭೂಮ್ತಾಯಿಗಿ ಉಣಸಾಕ ಹೋಗಿದ್ದಿ ನೀ" ಎಂದರು ಮುದುಕರು. "ನಾನೋ, ಹುಡುಗನಂಗ ಆಟ ಆಡಿ ತಪ್ಪ ನಿನ್ನ ಕೊರಳಿಗಿ ಕಟ್ಟಿದ್ನಿ. ನಿನ್ನ ದೇವರ ಮುಂದ ಯಾರ ತಪ್ಪ ದೊಡ್ಡದು, ನೀನ ಕೇಳ್ಕೊಂಡ ಬಾ. ಬೇಕಾದ್ರ ನಾನೂ ಜೋಡಿ ಬರ್ತೇನಿ."

ಮಾಳಿಂಗ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಗೇಟು ದಾಟಿ ನಡೆದ. ರೇಣವ್ವ ನಾಲ್ಕು ಹೆಜ್ಜೆ ಹಿಂದೆ. ಅಕ್ಕ, ನಾನು ಅದೇ ದಾರಿಯಲ್ಲಿ ಅವರ ಬೆನ್ನಿಗಿದ್ದೆವು. ಬಸ್‌ಸ್ಟ್ಯಾಂಡಿನವರೆಗೂ ಅವನು ತಿರುಗಿ ನೋಡಲಿಲ್ಲ.

"ಜೇಲ ತಪ್ಪತು," ಎಂದೆ ನಾನು, "ಗಂಡ ಮಾತಾಡ್ತಾನೋ ಇಲ್ಲೋ."

"ಅದು ನನ್ನ ಕೈಯಾಗಿಲ್ಲ ವಿಜಿ" ಎಂದರು ಅಕ್ಕ.

ರಸ್ತೆಯ ತಿರುವಿನಲ್ಲಿ ಮಾಳಿಂಗ ನಿಂತ. ನೆಲವನ್ನೇ ನೋಡುತ್ತ ಕೇಳಿದ.

"ಮುಂಜಾನಿಂದ ಏನರ ತಿಂದೀಯೇನು?"

"ಇಲ್ಲ" ಎಂದಳು ರೇಣವ್ವ.

ಅವನು ಚಹಾದಂಗಡಿಯ ಕಡೆ ತಿರುಗಿದ. ಅವಳು ಹೆಜ್ಜೆ ಬೀಸಿ ಅವನ ಪಕ್ಕಕ್ಕೆ ಬಂದಳು.